ಅಜ್ಜನ ರೇಡಿಯೊ ಬಿಚ್ಚಿ ಗಿಟಾರ್ ಆಂಪ್ ಕಟ್ಟಬಹುದಾ?

ಹಾಸನದ ನಿಮ್ಮ ಮನೆ ಅಟ್ಟದಲ್ಲಿ ಹಳೇ ವಾಲ್ವ್ (ಟ್ರಾನ್ಸಿಸ್ಟರಿಗೆ ಮುಂಚಿನ ಗಾಜಿನ ಕೊಳವೆ) ರೇಡಿಯೊ ಇದೆ, ಅದರ ಸಾಮಾನು ಹಾಕಿ 1950ರ ದಶಕದ ಫೆಂಡರ್ ಚಾಂಪ್ ಅನ್ನುವ ಪುಟ್ಟ ಗಿಟಾರ್ ಆಂಪ್ಲಿಫೈಯರ್ ತರಹದ ಆಂಪ್ ಕಟ್ಟಿದರೆ ಆ ಕಾಲದ ದನಿ ಬರುತ್ತದಾ ಅಂತ ಕೇಳಿದ್ದೀರಿ. ಮೂಡಿಗೆರೆಯಲ್ಲಿ ನಾನೂ ಇದೇ ಹುಚ್ಚಿಗೆ ಬಿದ್ದಿದ್ದೆ.

ಮೊದಲು ವಾಲ್ವ್ ಮೇಲಿನ ಹೆಸರು ಓದಿ. ಯುಸಿಎಲ್82, ಯುವೈ85 ಹೀಗೆ 'ಯು' ಇಂದ ಶುರುವಾದರೆ ಆ ಸೆಟ್ಟಿನಲ್ಲಿ ಸಾಮಾನ್ಯವಾಗಿ ಮೇನ್ಸ್ ಟ್ರಾನ್ಸ್‌ಫಾರ್ಮರೇ ಇರುವುದಿಲ್ಲ. ಚಾಸಿಗೇ, ಅಂದರೆ ಒಳಗಿನ ಲೋಹದ ಚೌಕಟ್ಟಿಗೇ, ಕರೆಂಟ್ ಬಂದಿರಬಹುದು. ಅದಕ್ಕೆ ಗಿಟಾರ್ ಚುಚ್ಚಿದರೆ ತಂತಿ ಮುಟ್ಟಿದವನ ಕತೆ ಮುಗಿಯಿತು. ಅದು ರೇಡಿಯೊ ಆಗಿಯೇ ಇರಲಿ, ಬಿಡಿ.

ಇಎಲ್84 ಅನ್ನುವ ಪವರ್ ವಾಲ್ವ್ (ಸ್ಪೀಕರ್ ನಡೆಸುವ ಕೊನೆಯ ವಾಲ್ವ್) ಸಿಕ್ಕರೆ ನಿಮ್ಮ ಅದೃಷ್ಟ. ಬೆಂಗಳೂರಿನ ಬಿಇಎಲ್ ಕೂಡ ಒಂದು ಕಾಲದಲ್ಲಿ ಇದನ್ನು ಮಾಡುತ್ತಿತ್ತು. ವಾಲ್ವು, ಸಾಕೆಟ್ಟು, ವಾಲ್ವನ್ನು ಸ್ಪೀಕರಿಗೆ ಹೊಂದಿಸುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಎತ್ತಿಟ್ಟುಕೊಳ್ಳಿ. ಆದರೆ ಚಾಂಪ್‌ನಲ್ಲಿರುವುದು 6ವಿ6 ಅನ್ನುವ ಬೇರೆ ಪವರ್ ವಾಲ್ವ್. ಅದರ ಪಿನ್ನೂ ಬೇರೆ, ವಾಲ್ವಿನ ಕರೆಂಟ್ ಮಿತಿಯಲ್ಲಿಡುವ ಕ್ಯಾಥೋಡ್ ರೆಸಿಸ್ಟರೂ ಬೇರೆ. ಹಾಗಾಗಿ ಇಎಲ್84ಕ್ಕೇ ಬರೆದ ನಕ್ಷೆ ಹುಡುಕಿ.

ಹಳೇ ರೇಡಿಯೊದ ಕೆಪಾಸಿಟರ್ ಮಾತ್ರ ಒಂದೂ ಬೇಡ. ನಾನು ಆಸೆಪಟ್ಟು ಮೇಣ ಹಚ್ಚಿದ ಹಳೇ ಪೇಪರ್ ಕೆಪಾಸಿಟರನ್ನೇ ಎರಡು ವಾಲ್ವ್‌ಗಳ ನಡುವೆ ಹಾಕಿದೆ. ನಮ್ಮ ಮಳೆಗೆ ಅದು ಎಷ್ಟು ವರ್ಷ ತೇವ ಕುಡಿದಿತ್ತೋ! ಅದು ತಡೆಯಬೇಕಿದ್ದ ಡಿಸಿ ಸೋರಿ, ಮುಂದಿನ ವಾಲ್ವಿನ ಕರೆಂಟ್ ಹಿಡಿತದಲ್ಲಿಡುವ ಗ್ರಿಡ್‌ಗೆ ಹೋಯಿತು. ಐದೇ ನಿಮಿಷಕ್ಕೆ ಒಳಗಿನ ಪ್ಲೇಟ್ ಕೆಂಡದ ಹಾಗೆ ಕೆಂಪಾಯಿತು. ಇನ್ನೊಂಚೂರು ತಡವಾಗಿದ್ದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರೂ ಸುಡುತ್ತಿತ್ತು. ಅಲ್ಲಿಗೆ ಹೊಸ 0.022 ಮೈಕ್ರೋಫ್ಯಾರಡ್, 630 ವೋಲ್ಟಿನ ಫಿಲ್ಮ್ ಕೆಪಾಸಿಟರ್ ಹಾಕಿ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಗುತ್ತದೆ, ದುಬಾರಿಯೂ ಅಲ್ಲ.

ಹಳೇ ಕಾರ್ಬನ್ ಕಾಂಪೋಸಿಷನ್ ರೆಸಿಸ್ಟರಿಗೂ ಇದೇ ಗತಿ. ತೇವಕ್ಕೆ ಅದರ ಓಮ್ ಲೆಕ್ಕ ಏರುತ್ತದೆ, ಜೊತೆಗೆ ಸುಂಯ್ ಅನ್ನುವ ಸದ್ದು. ಹೊಸ ಮೆಟಲ್ ಫಿಲ್ಮ್ ರೆಸಿಸ್ಟರ್ ಸಾಕು.

ಹಾಗಾದರೆ ಹಳೇ ದನಿ ಎಲ್ಲಿಂದ ಬರುತ್ತದೆ? ನನ್ನ ಕಿವಿಗೆ ಮುಕ್ಕಾಲು ಪಾಲು ಸರ್ಕ್ಯೂಟು, ಔಟ್‌ಪುಟ್ ಟ್ರಾನ್ಸ್‌ಫಾರ್ಮರು, ಸ್ಪೀಕರ್, ಈ ಮೂರರಿಂದಲೇ. ಒಂದೇ ಪವರ್ ವಾಲ್ವ್ ಇರುವುದರಿಂದ ಟ್ರಾನ್ಸ್‌ಫಾರ್ಮರಿನ ಕೋರ್‌ನಲ್ಲಿ ಸಣ್ಣ ಗ್ಯಾಪ್ ಇರಲೇಬೇಕು. ಇಲ್ಲದಿದ್ದರೆ ವಾಲ್ವಿನ ಡಿಸಿಯ ಕಾಂತತೆಗೇ ಕೋರ್ ತುಂಬಿ ಬೇಸ್ ಸತ್ತುಹೋಗುತ್ತದೆ. ದುಡ್ಡು ಸುರಿಯುವುದಿದ್ದರೆ ಇಲ್ಲಿ ಸುರಿಯಿರಿ.

ಮೇನ್ಸ್ ಟ್ರಾನ್ಸ್‌ಫಾರ್ಮರಿಗೆ 240 ವೋಲ್ಟ್ ಟ್ಯಾಪ್ (ಆ ವೋಲ್ಟೇಜಿಗೆಂದೇ ಕೊಟ್ಟ ವೈರ್ ತುದಿ) ಇರಲಿ. ತೋಟದ ಮೋಟಾರ್‌ಗಳು ನಿಂತ ರಾತ್ರಿ ವೋಲ್ಟೇಜ್ ಎಲ್ಲಿಗೆ ಏರುತ್ತದೆ ನಿಮಗೇ ಗೊತ್ತು ಅಲ್ವಾ? ವಾಲ್ವನ್ನು ಬಿಸಿ ಮಾಡುವ 6.3 ವೋಲ್ಟಿನ ಹೀಟರ್ ಹತ್ತು ಶೇಕಡಕ್ಕಿಂತ ಜಾಸ್ತಿ ಏರಿಳಿತ ತಡೆಯುವುದಿಲ್ಲ. ತ್ರೀ-ಪಿನ್ ಅರ್ಥಿಂಗ್ ತಪ್ಪಿಸಬೇಡಿ. ಸ್ವಿಚ್ ಆಫ್ ಮಾಡಿದ ಮೇಲೂ ಫಿಲ್ಟರ್ ಕೆಪಾಸಿಟರಿನಲ್ಲಿ 300 ವೋಲ್ಟ್ ನಿಂತಿರಬಹುದು, ಮೀಟರ್ ಸೊನ್ನೆಗೆ ಬಂದ ಮೇಲೇ ಕೈ ಹಾಕಿ.

ವಾಲ್ವ್ ಮೇಲೆ ಏನು ಬರೆದಿದೆ ನೋಡಿ ಹೇಳಿ, ಮುಂದಿನದು ಆಮೇಲೆ ಮಾತಾಡೋಣ.