‘ಮಿತಿಯೊಳಗಿದೆ’ ಎಂದರೆ ಏನರ್ಥ?

ಮಾನ್ಯರೇ,

ಸಿರುಗುಪ್ಪದಿಂದ ತಾವು ಬರೆದ ಪತ್ರ ತಲುಪಿತು. ತಮ್ಮ ಮಗ ಗುತ್ತಿಗೆ ವೆಲ್ಡರ್ ಆಗಿ, ಭಾರಜಲ (ಭಾರದ ಹೈಡ್ರೋಜನ್ ಇರುವ ನೀರು) ಬಳಸುವ ಅಣುವಿದ್ಯುತ್ ಸ್ಥಾವರವೊಂದರ ಶಟ್‌ಡೌನ್ ಕೆಲಸಕ್ಕೆ, ಎಂದರೆ ಸ್ಥಾವರ ನಿಲ್ಲಿಸಿ ಮಾಡುವ ದುರಸ್ತಿಗೆ, ಹೋಗಿ ಬರುತ್ತಿರುವುದನ್ನೂ, ಮೈಗೆ ತಗುಲಿದ ವಿಕಿರಣವನ್ನು ಅಳೆಯುವ ಬ್ಯಾಡ್ಜ್‌ನ ಮೂರು ತಿಂಗಳ ಲೆಕ್ಕದಲ್ಲಿ 3.4 ಎಂದು ಬಂದಿರುವುದನ್ನೂ, ಮೇಸ್ತ್ರಿ ‘ಮಿತಿಯೊಳಗಿದೆ, ಏನೂ ಆಗುವುದಿಲ್ಲ’ ಎಂದಿರುವುದನ್ನೂ ತಿಳಿಸಿ, ಇದನ್ನು ನಂಬಬಹುದೇ, ಮುಂದೆ ಹುಟ್ಟುವ ಮೊಮ್ಮಕ್ಕಳಿಗೆ ತೊಂದರೆಯಾದೀತೇ ಎಂದು ಕೇಳಿದ್ದೀರಿ.

ಮೇಸ್ತ್ರಿಯ ಮಾತಿನ ಮೊದಲರ್ಧ ಸರಿ. ಎರಡನೆಯದು ಅದರಿಂದ ಹೊರಡುವುದಿಲ್ಲ. ನಮ್ಮ ಅಣುಶಕ್ತಿ ನಿಯಂತ್ರಣ ಮಂಡಳಿಯು ವಿಕಿರಣದ ನಡುವೆ ದುಡಿಯುವವರಿಗೆ ಗೊತ್ತುಪಡಿಸಿರುವ ಮಿತಿ, ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ (ಮೈಗೆ ತಗುಲಿದ ವಿಕಿರಣವನ್ನು ಅಳೆಯುವ ಮಾನ); ಯಾವ ಒಂದು ವರ್ಷದಲ್ಲೂ 30 ದಾಟುವಂತಿಲ್ಲ. ಸಾರ್ವಜನಿಕರಿಗೆ ಅದು ವರ್ಷಕ್ಕೆ 1. ಈಚೆಗಿದ್ದರೆ ಅಭಯ, ಆಚೆಗೆ ಹೋದರೆ ಅಪಾಯ ಎಂದು ಬೇರ್ಪಡಿಸುವ ಏರಿಯಲ್ಲ ಇದು. ದುಡಿಮೆಗಾಗಿ ಎಷ್ಟು ಅಪಾಯವನ್ನು ಒಪ್ಪಿಕೊಳ್ಳಬಹುದೆಂದು ತೀರ್ಮಾನಿಸಿ ಇಟ್ಟ ಅಂಕಿ.

ಹಾಗಾದರೆ ಮಿತಿಯೊಳಗೆ ಎಷ್ಟು ಅಪಾಯವಿದೆ? ಇದಕ್ಕೆ ಈಗ ಸಿಗುವ ದೊಡ್ಡ ಆಧಾರವೆಂದರೆ ಫ್ರಾನ್ಸ್, ಬ್ರಿಟನ್ ಮತ್ತು ಅಮೆರಿಕದ ಸುಮಾರು 3.1 ಲಕ್ಷ ಅಣು ಉದ್ಯಮದ ಕೆಲಸಗಾರರನ್ನು ದಶಕಗಳ ಕಾಲ ಹಿಂಬಾಲಿಸಿದ ಇನ್‌ವರ್ಕ್ಸ್ ಅಧ್ಯಯನ. 2023ರಲ್ಲಿ ಪ್ರಕಟವಾದ ಅದರ ಫಲಿತಾಂಶದಂತೆ, ರಕ್ತದ ಕ್ಯಾನ್ಸರ್ ಬಿಟ್ಟು ಉಳಿದ ಗಡ್ಡೆ ಕ್ಯಾನ್ಸರ್‌ಗಳ ಸಾವಿನ ಪ್ರಮಾಣ ಒಟ್ಟು ಡೋಸ್ (ಮೈ ಹೀರಿಕೊಂಡ ವಿಕಿರಣದ ಪ್ರಮಾಣ) 1000 ಮಿಲಿಗ್ರೇ ಆಗುವಷ್ಟರಲ್ಲಿ ಶೇ 52ರಷ್ಟು ಏರುತ್ತದೆ. ನೂರು ಮಿಲಿಗ್ರೇಗಿಂತ ಕೆಳಗಿನ ಡೋಸ್‌ಗಳನ್ನಷ್ಟೇ ತೆಗೆದುಕೊಂಡರೂ ಏರಿಕೆ ಕಂಡಿತು, ತಗ್ಗಲಿಲ್ಲ. ತಮ್ಮ ಪತ್ರದಲ್ಲಿ 3.4ರ ಮುಂದೆ ಅಳತೆಯ ಮಾನ ಬರೆದಿಲ್ಲ. ಮಿಲಿಸೀವರ್ಟ್ ಎಂದೇ ಹಿಡಿಯುತ್ತೇನೆ. ಗಾಮಾ ಕಿರಣಗಳ ಮಟ್ಟಿಗೆ ಮಿಲಿಗ್ರೇ, ಮಿಲಿಸೀವರ್ಟ್ ಎರಡೂ ಅಂಕಿಯಲ್ಲಿ ಒಂದೇ. ವರ್ಷಕ್ಕೊಂದು ಶಟ್‌ಡೌನ್‌ನಂತೆ ಹತ್ತು ವರ್ಷ ಇಷ್ಟೇ ಡೋಸ್ ಬಿದ್ದರೆ ಒಟ್ಟು 34. ಅಂದರೆ ಸಾಮಾನ್ಯವಾಗಿ ನೂರು ಮಂದಿ ಇಂಥ ಕ್ಯಾನ್ಸರಿನಿಂದ ಸಾಯುವಷ್ಟು ದೊಡ್ಡ ಗುಂಪಿನಲ್ಲಿ ಆ ಸಂಖ್ಯೆ 102ರ ಆಸುಪಾಸಿಗೆ ಏರಬಹುದು. ಇದು ಹೆದರಿ ಕೆಲಸ ಬಿಡಿಸುವಷ್ಟು ದೊಡ್ಡದಲ್ಲ, ‘ಏನೂ ಆಗುವುದಿಲ್ಲ’ ಎನ್ನುವಷ್ಟು ಚಿಕ್ಕದೂ ಅಲ್ಲ.

ಎಲ್ಲ ಅಧ್ಯಯನಗಳೂ ಒಂದೇ ಮಾತು ಹೇಳುವುದಿಲ್ಲ. ಕೇರಳದ ಕರುನಾಗಪ್ಪಳ್ಳಿಯ ಕರಾವಳಿಯಲ್ಲಿ, ಸಹಜವಾಗಿಯೇ ವಿಕಿರಣ ಸೂಸುವ ಥೋರಿಯಂ ಇರುವ ಮರಳಿನ ಮೇಲೆ ಬಾಳುವವರಲ್ಲಿ ಕ್ಯಾನ್ಸರ್ ಹೆಚ್ಚಿದ್ದು ಕಂಡುಬಂದಿಲ್ಲ. ಆದರೆ ‘ನಮ್ಮ ಕೆಲಸಗಾರರು ಊರಿನವರಿಗಿಂತ ಆರೋಗ್ಯವಾಗಿದ್ದಾರೆ’ ಎಂಬ ವಾದ ಕೇಳಿದಾಗ ತಾವು ಎಚ್ಚರದಿಂದಿರಬೇಕು. ವೈದ್ಯಕೀಯ ಪರೀಕ್ಷೆಯಲ್ಲಿ ಪಾಸಾದವರನ್ನೇ ಕೆಲಸಕ್ಕೆ ತೆಗೆದುಕೊಂಡ ಮೇಲೆ ಅವರು ಊರಿನವರಿಗಿಂತ ಗಟ್ಟಿಯಾಗಿರುವುದು ಸಹಜ. ಹೆಚ್ಚು ಡೋಸ್ ತಗುಲಿದ ಕೆಲಸಗಾರನನ್ನು ಕಡಿಮೆ ತಗುಲಿದ ಕೆಲಸಗಾರನ ಜೊತೆ ಹೋಲಿಸಿದರೆ ಮಾತ್ರ ಉತ್ತರ ಸಿಗುತ್ತದೆ. ಮೊಮ್ಮಕ್ಕಳ ವಿಷಯದಲ್ಲಿ ತಾವು ಸಮಾಧಾನವಾಗಿರಬಹುದು: ಹಿರೋಶಿಮಾ, ನಾಗಸಾಕಿಗಳಲ್ಲಿ ಬದುಕುಳಿದವರಿಗೆ ಆಮೇಲೆ ಹುಟ್ಟಿದ ಮಕ್ಕಳನ್ನು ದಶಕಗಳ ಕಾಲ ಗಮನಿಸಿದರೂ ವಂಶವಾಹಿ ದೋಷ ಹೆಚ್ಚಿದ್ದು ಕಂಡಿಲ್ಲ.

ತಾವು ಕೇಳದೇ ಇದ್ದರೂ ನನಗೆ ಮುಖ್ಯವೆನಿಸಿದ್ದು ಇನ್ನೊಂದಿದೆ. ಮಗ ಎದೆಗೆ ಸಿಕ್ಕಿಸಿಕೊಳ್ಳುವ ಟಿಎಲ್‌ಡಿ ಬ್ಯಾಡ್ಜ್‌ನೊಳಗೆ ಬಿಳಿಯ ಮೂರು ಪುಟ್ಟ ಬಿಲ್ಲೆಗಳಿರುತ್ತವೆ. ಪ್ರಯೋಗಾಲಯದಲ್ಲಿ ಅವುಗಳನ್ನು ಕಾಯಿಸಿದಾಗ ಹೊಮ್ಮುವ ಮಿಣುಕು ಬೆಳಕನ್ನು ಅಳೆದು ಡೋಸ್ ಲೆಕ್ಕ ಹಾಕುತ್ತಾರೆ. ಆದರೆ ಭಾರಜಲದಲ್ಲಿ ಹುಟ್ಟುವ ಟ್ರಿಟಿಯಂ ಎಂಬ ವಿಕಿರಣಶೀಲ ಹೈಡ್ರೋಜನ್‌ನ ಕಿರಣ ಚರ್ಮವನ್ನೂ ದಾಟದಷ್ಟು ದುರ್ಬಲವಾದ್ದರಿಂದ ಈ ಬಿಲ್ಲೆಗಳಿಗೆ ಅದು ಕಾಣುವುದೇ ಇಲ್ಲ. ಕಿರಣ ಚರ್ಮ ದಾಟದಿದ್ದರೂ, ಟ್ರಿಟಿಯಂ ಬೆರೆತ ನೀರು ಅಥವಾ ಆವಿ ಉಸಿರಿನಿಂದಲೋ ಕುಡಿಯುವುದರಿಂದಲೋ ಚರ್ಮದ ಮೂಲಕವೋ ಒಳಗೆ ಸೇರಬಲ್ಲದು; ಆಗಲೇ ಅದರ ತೊಂದರೆ. ಮಗನಿಂದ ಬಾಟಲಿಯಲ್ಲಿ ಮೂತ್ರ ಪಡೆಯುತ್ತಾರೆಂದು ತಾವು ಅಚ್ಚರಿಪಟ್ಟು ಬರೆದಿದ್ದೀರಿ; ಹಾಗೆ ಪಡೆಯುವುದಕ್ಕೆ ಕಾರಣ ಇದೇ. 2009ರ ನವೆಂಬರ್‌ನಲ್ಲಿ ಕೈಗಾದಲ್ಲಿ ಕುಡಿಯುವ ನೀರಿನ ಕೂಲರ್‌ಗೆ ಟ್ರಿಟಿಯಂ ಇದ್ದ ಭಾರಜಲ ಸೇರಿದ್ದು ಬಯಲಾದದ್ದೂ ಮೂತ್ರ ಪರೀಕ್ಷೆಯಿಂದಲೇ. ಒಳಸೇರಿದ ಟ್ರಿಟಿಯಂನಲ್ಲಿ ಅರ್ಧದಷ್ಟು ಸುಮಾರು ಹತ್ತು ದಿನಗಳಲ್ಲಿ ಹೊರಹೋಗುತ್ತದೆ. ಪರೀಕ್ಷೆ ತಡವಾದಷ್ಟೂ ಮೊದಲು ಎಷ್ಟಿತ್ತೆಂದು ಹೇಳುವುದು ಕಷ್ಟ.

ಒಂದು ಕಡೆಯೇ ನೌಕರಿ ಮಾಡುವವನ ಡೋಸ್ ಒಂದೇ ಕಡತದಲ್ಲಿ ಕೂಡುತ್ತಾ ಹೋಗುತ್ತದೆ. ಗುತ್ತಿಗೆಯವನು ಈ ವರ್ಷ ಒಂದು ಸ್ಥಾವರ, ಮುಂದಿನ ವರ್ಷ ಉಕ್ಕಿನ ಕಾರ್ಖಾನೆಯಲ್ಲಿ ವಿಕಿರಣ ಸೂಸುವ ಇರಿಡಿಯಂ ತುಣುಕನ್ನಿಟ್ಟು ಬೆಸುಗೆ ಪರೀಕ್ಷಿಸುವ ತಂಡ, ಹೀಗೆ ತಿರುಗುತ್ತಾನೆ. ಅಪಾಯ ನಿಂತಿರುವುದಂತೂ ಎಲ್ಲವೂ ಕೂಡಿದ ಮೊತ್ತದ ಮೇಲೆ. 2004ರ ಅಣುಶಕ್ತಿ ವಿಕಿರಣ ರಕ್ಷಣಾ ನಿಯಮಗಳ ಪ್ರಕಾರ ಡೋಸ್ ದಾಖಲೆ ಇಡುವುದು ಕೆಲಸ ಕೊಟ್ಟವರ ಹೊಣೆ. ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ ರಾಷ್ಟ್ರಮಟ್ಟದ ಡೋಸ್ ನೋಂದಣಿಯೂ ಇದೆ. ಮಗನಿಗೆ ಹಿಂದೆ ಸಿಕ್ಕ ಬ್ಯಾಡ್ಜ್ ಸಂಖ್ಯೆಗಳನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಡಲು ಹೇಳಿ. ದೀಪಾವಳಿಗೆ ಊರಿಗೆ ಬಂದಾಗ, ಆ 3.4ರಲ್ಲಿ ಮೂತ್ರ ಪರೀಕ್ಷೆಯ ಅಂಕಿ ಸೇರಿದೆಯೋ, ಬ್ಯಾಡ್ಜ್‌ನದಷ್ಟೇ ಇದೆಯೋ ಎಂದು ಕೇಳಿ ನನಗೂ ಒಂದು ಸಾಲು ಬರೆಯಿರಿ.

— ಸಂಪಾದಕ