‘ಜೂನ್‌ಗೆ ಬನ್ನಿ’ ಅನ್ನುವಂತಿಲ್ಲ

ಪತ್ರ: ಕಾಫಿ ಕೊಯ್ಲಿಗೆಂದು ರಾಯಚೂರು ಕಡೆಯಿಂದ ಬಂದು ನಮ್ಮ ತೋಟದ ಲೈನ್ ಮನೆಯಲ್ಲಿ (ಕಾರ್ಮಿಕರ ಸಾಲುಮನೆ) ಇರುವ ಕುಟುಂಬದ ಇಬ್ಬರು ಮಕ್ಕಳನ್ನು ಸರ್ಕಾರಿ ಶಾಲೆಗೆ ಕರೆದುಕೊಂಡು ಹೋಗಿದ್ದೆ. ಒಬ್ಬಳು ಮೂರನೇ ಕ್ಲಾಸು, ಇನ್ನೊಬ್ಬ ಆರನೇ ಕ್ಲಾಸು. ‘ಟಿ.ಸಿ. ಇಲ್ಲ, ಆಧಾರ್‌ನಲ್ಲಿ ಹೆಸರು ತಪ್ಪಿದೆ, ದಾಖಲಾತಿ ಮುಗಿದಿದೆ, ಜೂನ್‌ಗೆ ಬನ್ನಿ’ ಎಂದರು. ಈಗಾಗಲೇ ಓದುತ್ತಿರುವ ಲೈನ್ ಮಕ್ಕಳನ್ನು ಬಿಸಿಯೂಟಕ್ಕೆ ಬೇರೆ ಸಾಲಿನಲ್ಲಿ ಕೂರಿಸುತ್ತಾರಂತೆ. ಯಾರನ್ನು ಕೇಳುವುದು?
– ತೋಟದ ರೈಟರ್ (ಗುಮಾಸ್ತ) ಒಬ್ಬರು, ಮೂಡಿಗೆರೆ ತಾಲೂಕು

ಸಂಪಾದಕರ ಉತ್ತರ: ರೈಟರ್ ಅವರೇ, ನಿಮಗೆ ಹೇಳಿದ ಮೂರು ಕಾರಣಗಳಲ್ಲಿ ಒಂದೂ ಕಾನೂನಿನ ಮುಂದೆ ನಿಲ್ಲುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಂ ಪ್ರಕಾರ ಟಿ.ಸಿ. ತಡವಾಯಿತೆಂದು ಪ್ರವೇಶ ತಡೆಯುವಂತಿಲ್ಲ. ತಡ ಮಾಡಿದ ಹಳೆಯ ಶಾಲೆಯ ಮುಖ್ಯ ಶಿಕ್ಷಕರ ಮೇಲೆಯೇ ಶಿಸ್ತು ಕ್ರಮಕ್ಕೆ ಅದರಲ್ಲಿ ಅವಕಾಶವಿದೆ. ವಯಸ್ಸಿನ ದಾಖಲೆ ಇಲ್ಲವೆಂದು ವಾಪಸ್ ಕಳಿಸುವಂತಿಲ್ಲ ಎನ್ನುತ್ತದೆ 14ನೇ ಕಲಂ, ವರ್ಷದ ನಡುವೆ ಬಂದರೆಂದು ಕಳಿಸುವಂತಿಲ್ಲ ಎನ್ನುತ್ತದೆ 15ನೇ ಕಲಂ. ಶಾಲಾ ಪ್ರವೇಶಕ್ಕೆ ಆಧಾರ್ ಕಡ್ಡಾಯವಲ್ಲ ಎಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್‌ನಲ್ಲೇ ಹೇಳಿದೆ.

ಆದರೆ ಇದನ್ನೆಲ್ಲ ಬಾಯಲ್ಲಿ ಹೇಳಿ ಪ್ರಯೋಜನವಿಲ್ಲ. ಬಾಯಲ್ಲಿ ಕೇಳಿದ್ದಕ್ಕೆ ಬಾಯಲ್ಲೇ ‘ಇಲ್ಲ’ ಬರುತ್ತದೆ, ಅದಕ್ಕೆ ದಾಖಲೆ ಉಳಿಯುವುದಿಲ್ಲ. ಬಿಳಿ ಹಾಳೆಯಲ್ಲಿ ಅರ್ಜಿ ಬರೆಯಿರಿ, ಎರಡು ಪ್ರತಿ ಮಾಡಿ. ಮಕ್ಕಳ ಹೆಸರು, ವಯಸ್ಸು, ಓದುತ್ತಿದ್ದ ತರಗತಿ, ಹಳೆಯ ಶಾಲೆಯ ಹೆಸರು, ಊರು, ತಾಲೂಕು, ಈಗಿರುವ ತೋಟದ ವಿಳಾಸ, ಮೇಲಿನ ಮೂರು ಕಲಂಗಳು ಅದರಲ್ಲಿರಲಿ. ಅರ್ಜಿದಾರರು ನೀವಲ್ಲ, ತಂದೆ ಅಥವಾ ತಾಯಿ. ಹೆಬ್ಬೆಟ್ಟಾದರೆ ಪಕ್ಕದಲ್ಲಿ ನೀವು ಸಾಕ್ಷಿ ಸಹಿ ಹಾಕಿ. ಎರಡನೇ ಪ್ರತಿಯ ಮೇಲೆ ತಾರೀಕು, ಸಹಿ, ಮೊಹರು ಹಾಕಿಸಿಕೊಳ್ಳದೆ ಶಾಲೆಯಿಂದ ಹೊರಡಬೇಡಿ. ತೆಗೆದುಕೊಳ್ಳಲು ಒಪ್ಪದಿದ್ದರೆ ಅದನ್ನೇ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಶೀದಿ ಜೋಪಾನ.

ಹೆಚ್ಚಿನ ಅರ್ಜಿಗಳು ಎಡವುವುದು ಹಳೆಯ ಶಾಲೆಯ ವಿವರದಲ್ಲಿ. ‘ರಾಯಚೂರಿನ ಶಾಲೆ’ ಎಂದಷ್ಟೇ ಬರೆದರೆ ಮಗುವಿನ ಎಸ್.ಎ.ಟಿ.ಎಸ್. ಸಂಖ್ಯೆ (ಶಿಕ್ಷಣ ಇಲಾಖೆಯ ಆನ್‌ಲೈನ್ ದಾಖಲೆಯಲ್ಲಿ ಪ್ರತಿ ವಿದ್ಯಾರ್ಥಿಗೆ ಇರುವ ಸಂಖ್ಯೆ) ಹುಡುಕುವುದು ಕಷ್ಟ. ಕೆಲವೆಡೆ ಬೇಸತ್ತು ಹೊಸ ಸಂಖ್ಯೆ ಕೊಟ್ಟುಬಿಡುತ್ತಾರೆ. ಒಂದೇ ಮಗುವಿಗೆ ಎರಡು ದಾಖಲೆಯಾದರೆ ಮುಂದೆ ಪಬ್ಲಿಕ್ ಪರೀಕ್ಷೆ, ವಿದ್ಯಾರ್ಥಿವೇತನದ ಹೊತ್ತಿಗೆ ಗೋಜಲು. ಹಳೆಯ ಶಾಲೆಯ ಮೇಷ್ಟ್ರ ಫೋನ್ ನಂಬರ್ ಊರಿನವರ ಹತ್ತಿರ ಕೇಳಿ ತರಿಸಿಕೊಡಿ, ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ಮುಖ್ಯ ಶಿಕ್ಷಕರ ಕಷ್ಟವನ್ನೂ ಹೇಳಬೇಕು: ಹೆಸರು ಆನ್‌ಲೈನ್‌ನಲ್ಲಿ ಏರದ ಮಗುವಿಗೆ ಊಟ, ಪುಸ್ತಕದ ಲೆಕ್ಕ ಎಲ್ಲಿ ತೋರಿಸುವುದು ಎಂಬ ಭಯ ಅವರಿಗಿರುತ್ತದೆ. ನಿಮ್ಮ ಅರ್ಜಿ ಅವರಿಗೂ ರಕ್ಷಣೆ.

ಒಂದು ವಾರ ಕಾದೂ ಸೇರಿಸಿಕೊಳ್ಳದಿದ್ದರೆ ಅರ್ಜಿಯ ನಕಲು ಲಗತ್ತಿಸಿ ಕ್ಷೇತ್ರ ಶಿಕ್ಷಣಾಧಿಕಾರಿಗೂ ಗ್ರಾಮ ಪಂಚಾಯಿತಿಯ ಪಿ.ಡಿ.ಒ.ಗೂ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ದೂರು ಕೊಡಿ. ಪಂಚಾಯಿತಿ ಯಾಕೆ ಎಂದರೆ, ವಲಸೆ ಬಂದ ಕುಟುಂಬಗಳ ಮಕ್ಕಳನ್ನು ಶಾಲೆಗೆ ಸೇರಿಸುವುದು ಸ್ಥಳೀಯ ಪ್ರಾಧಿಕಾರದ ಕರ್ತವ್ಯವೆಂದು 9ನೇ ಕಲಂ ಬಿಡಿಸಿ ಹೇಳಿದೆ. ಇದು ಪಂಚಾಯಿತಿಯವರಿಗೇ ಎಷ್ಟೋ ಸಲ ಗೊತ್ತಿರುವುದಿಲ್ಲ. 32ನೇ ಕಲಂ ಪ್ರಕಾರ ದೂರು ಮೂರು ತಿಂಗಳೊಳಗೆ ತೀರ್ಮಾನವಾಗಬೇಕು, ಮೇಲ್ಮನವಿ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ. ಮೂರು ತಿಂಗಳೆಂದರೆ ಕೊಯ್ಲೇ ಮುಗಿದುಹೋಗುತ್ತದೆ, ನಿಜ. ಅದಕ್ಕೇ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡುವುದನ್ನೂ ಅದೇ ದಿನ ಮಾಡಿ. ಉತ್ತರವೇ ಬಾರದಿದ್ದರೆ 10 ರೂಪಾಯಿ ಕಟ್ಟಿ ‘ಇಂಥ ತಾರೀಕಿನ ನನ್ನ ಅರ್ಜಿಯ ಮೇಲೆ ಕೈಗೊಂಡ ಕ್ರಮದ ಪ್ರತಿ ಕೊಡಿ’ ಎಂದು ಮಾಹಿತಿ ಹಕ್ಕಿನಡಿ ಕೇಳಿ. ಒಂದೇ ವಿಷಯ, 150 ಪದ ಮೀರಬಾರದು.

ಬಿಸಿಯೂಟದ ಸಾಲು ಇನ್ನೂ ಗಂಭೀರ ವಿಷಯ. ಇಲ್ಲಿ ಮೊದಲು ಏಳುವ ಪ್ರಶ್ನೆ: ಬೇರೆ ಕೂರಿಸಿದ್ದು ಹೊರಗಿನವರೆಂದೋ, ಜಾತಿಯ ಕಾರಣಕ್ಕೋ? ಅಸ್ಪೃಶ್ಯತೆಯ ಕಾರಣಕ್ಕಾದರೆ ಅದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 5ನೇ ಕಲಂ ಅಡಿ ಅಪರಾಧ, ಜೈಲು ಶಿಕ್ಷೆಯೂ ಉಂಟು. ದೂರು ಪೊಲೀಸ್ ಠಾಣೆಗೆ, ನಕಲು ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯಕ್ಕೆ. ಜಾತಿಯ ಮಾತಿಲ್ಲದಿದ್ದರೂ ಮಕ್ಕಳಿಗೆ ಮಾನಸಿಕ ಹಿಂಸೆ ಕೊಡುವುದನ್ನು ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ನಿಷೇಧಿಸಿದೆ, ಆಗ ದೂರು ಶಿಕ್ಷಣಾಧಿಕಾರಿಗೆ. ‘ಕೂರಿಸುತ್ತಾರಂತೆ’ ಎಂದು ಬರೆಯಬೇಡಿ. ಯಾವ ದಿನ, ಎಷ್ಟು ಮಕ್ಕಳು, ಎಲ್ಲಿ ಕೂತರು, ತಟ್ಟೆಯೂ ಬೇರೆಯೇ, ‘ಆ ಕಡೆ ಹೋಗಿ’ ಎಂದವರು ಯಾರು, ಕಂಡವರು ಯಾರು – ಇಷ್ಟು ಬೇಕು. ಶಾಲೆಯ ಎಸ್.ಡಿ.ಎಂ.ಸಿ.ಯಲ್ಲಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಮುಕ್ಕಾಲು ಪಾಲು ಪೋಷಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಹೆಂಗಸರು. ಅವರಲ್ಲಿ ಒಬ್ಬರು ಊಟದ ಹೊತ್ತಿಗೆ ಹೋಗಿ ನೋಡಿ ಬಂದರೆ ದೂರಿಗೆ ತೂಕ ಬರುತ್ತದೆ.

ದಯವಿಟ್ಟು ವಿಡಿಯೊ ಮಾಡಿ ವಾಟ್ಸಾಪ್‌ಗೆ ಹಾಕಬೇಡಿ. ನೊಂದ ಮಗುವಿನ ಗುರುತು ಬಯಲು ಮಾಡುವುದೇ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ ಅಪರಾಧ, ಶಾಲೆಯ ಹೆಸರೂ ಗುರುತಿನ ಲೆಕ್ಕಕ್ಕೇ ಬರುತ್ತದೆ. ನಿಮ್ಮ ಪತ್ರದಲ್ಲಿದ್ದ ಶಾಲೆಯ ಹೆಸರನ್ನು ನಾವು ತೆಗೆದದ್ದೂ ಅದಕ್ಕೇ.

ಇನ್ನೊಂದು. ರೋಬಸ್ಟಾ ಕೊಯ್ಲು ಮುಗಿದು ಕುಟುಂಬ ಊರಿಗೆ ಹೊರಡುವ ವಾರ ಮುಂಚೆಯೇ ಇಲ್ಲಿಯ ಶಾಲೆಗೂ ಟಿ.ಸಿ.ಗೆ ಅರ್ಜಿ ಕೊಡಿಸಿ. ಬಟವಾಡೆಯ ದಿನ ರಾತ್ರಿ ಬಸ್ಸು ಹತ್ತುವ ಗಡಿಬಿಡಿಯಲ್ಲಿ ಅದು ಯಾರಿಗೂ ನೆನಪಾಗುವುದಿಲ್ಲ.