ಓದುಗರ ಪ್ರಶ್ನೆ: ಇಬ್ಬರು, ಎರಡು ಸೈಕಲ್, ಒಂದು ಟೆಂಟು

ಪ್ರಶ್ನೆ: ನಾನು ಮತ್ತು ನನ್ನ ಹಳೇ ಕ್ಲಾಸ್‌ಮೇಟ್ ಡಿಸೆಂಬರ್‌ನಲ್ಲಿ ಕುಂದಾಪುರದಿಂದ ಮುರ್ಡೇಶ್ವರಕ್ಕೆ ಸೈಕಲ್ ತುಳಿದು, ರಾತ್ರಿ ಟೆಂಟ್ ಹಾಕಿ ಮಲಗುವ ಯೋಚನೆಯಲ್ಲಿದ್ದೇವೆ. ಅವನು ದಿನಾ 30 ಕಿಲೋಮೀಟರ್ ಹೊಡೆಯುತ್ತಾನೆ. ನನಗೆ ಭಾನುವಾರ ಬಿಟ್ಟರೆ ರೂಢಿ ಇಲ್ಲ. ಅವನ ಜೊತೆ ಆಗುತ್ತಾ, ಸುಮ್ನೆ ಅವನಿಗೆ ಹೊರೆ ಆಗ್ತೀನಾ?
- ಓದುಗರೊಬ್ಬರು, ದಾವಣಗೆರೆ

ಉತ್ತರ: ಖಂಡಿತ ಹೋಗಿ. ಸುಮಾರು 65 ಕಿಲೋಮೀಟರ್ ದಾರಿ. ಗಂಟೆಗೆ ಹದಿಮೂರು ಕಿಲೋಮೀಟರಿನಂತೆ ನಿಧಾನಕ್ಕೆ ತುಳಿದರೂ ಐದು ಗಂಟೆ ಸಾಕು, ಉಳಿದದ್ದೆಲ್ಲ ತಿನ್ನೋಕೆ, ಕೂರೋಕೆ. ಆದರೆ ಒಂದು ಕೆಲಸ ಮಾಡಿ, ದಾರಿ ತಿರುಗಿಸಿಕೊಳ್ಳಿ. ಮುರ್ಡೇಶ್ವರದಿಂದ ಶುರು ಮಾಡಿ ಕುಂದಾಪುರದ ಕಡೆಗೆ ಬನ್ನಿ. ಯಾಕೆ ಅಂದರೆ ಬಿಸಿಲು ಏರಿ ನೆಲ ಕಾದ ಮೇಲೆ ಕಡಲಿನಿಂದ ಗಾಳಿ ಎದ್ದೇಳುತ್ತದೆ, ನಮ್ಮ ಕರಾವಳಿಯಲ್ಲಿ ಅದು ವಾಯವ್ಯದಿಂದ ಬೀಸೋದೇ ಜಾಸ್ತಿ. ಉತ್ತರಕ್ಕೆ ಹೋಗುವವರಿಗೆ ಮಧ್ಯಾಹ್ನ ಪೂರ್ತಿ ಎದುರುಗಾಳಿ, ದಕ್ಷಿಣಕ್ಕೆ ಬರುವವರಿಗೆ ಅದೇ ಗಾಳಿ ಬೆನ್ನಿಗೆ ಕೈ ಕೊಟ್ಟು ತಳ್ಳುತ್ತದೆ. ರೂಢಿ ಇಲ್ಲದ ಕಾಲಿಗೆ ಇದು ದೊಡ್ಡ ಉಪಕಾರ.

ಇನ್ನು ನಿಮ್ಮ ನಿಜವಾದ ಪ್ರಶ್ನೆ. ಮೊದಲ ಸಲ ನಾನು ಈ ರಸ್ತೆಯಲ್ಲಿ ಹೋದಾಗ ಗೆಳೆಯ ನನಗಿಂತ ಜೋರು. ಶಿರೂರು ದಾಟಿ ಒತ್ತಿನೆಣೆಯ ಏರು ಶುರುವಾಗುವ ಹೊತ್ತಿಗೆ ಅವನು ಕಣ್ಣಿಗೇ ಕಾಣುತ್ತಿರಲಿಲ್ಲ. ಅಲ್ಲೇ ನನ್ನ ಹಿಂದಿನ ಚಕ್ರ ಕೂತುಬಿಟ್ಟಿತು. ಪ್ಯಾಚು, ಸಲ್ಯೂಷನ್ ನನ್ನ ಚೀಲದಲ್ಲಿ, ಪಂಪು ಅವನ ಚೀಲದಲ್ಲಿ. ಅವನು ವಾಪಸ್ ಹುಡುಕಿಕೊಂಡು ಬರೋಕೆ ಮುಕ್ಕಾಲು ಗಂಟೆ ಹಿಡಿಯಿತು. ಬಂದವನ ಮುಖದಲ್ಲಿ ಗಾಬರಿ ಇತ್ತು, ನನಗೆ ಸಿಟ್ಟಿತ್ತು, ಬೈಂದೂರಿನವರೆಗೂ ಇಬ್ಬರೂ ಮಾತಾಡಲಿಲ್ಲ.

ಬೈಂದೂರಿನಲ್ಲಿ ಬನ್ಸು, ಚಹಾ ಮುಂದಿಟ್ಟುಕೊಂಡು ಮಾಡಿಕೊಂಡ ಒಪ್ಪಂದವನ್ನು ಇವತ್ತಿಗೂ ಪಾಲಿಸುತ್ತಿದ್ದೇವೆ: ನಿಧಾನ ಇರೋರು ಮುಂದೆ. ಹಿಂದೆ ಇರುವವನಿಗೆ ಮುಂದಿನವನ ಬೆನ್ನು ಯಾವಾಗಲೂ ಕಾಣುತ್ತಿರುತ್ತದೆ, ಉಸಿರು ಕಟ್ಟುತ್ತಿದ್ದರೆ ಗೊತ್ತಾಗುತ್ತದೆ. ಮುಂದಿನವನಿಗೂ ಯಾರನ್ನೋ ಅಟ್ಟಿಸಿಕೊಂಡು ಹೋಗುವ ಒತ್ತಡ ಇರಲ್ಲ. ಪಂಪು, ಪ್ಯಾಚು, ಒಂದು ಹೊಸ ಟ್ಯೂಬು ಇಬ್ಬರ ಹತ್ತಿರವೂ ಬೇರೆ ಬೇರೆ ಇರಲಿ. ಈ ಮಾತನ್ನು ಹೊರಡುವ ಮುಂಚೆಯೇ ನಿಮ್ಮ ಗೆಳೆಯನ ಹತ್ತಿರ ಬಾಯಿಬಿಟ್ಟು ಆಡಿ. ನೀವು ಹೊರೆ ಆಗ್ತೀರಾ ಅನ್ನೋದು ನಿಮ್ಮ ಕಾಲಿಗಿಂತ ಈ ಮಾತಿನ ಮೇಲೇ ನಿಂತಿದೆ.

ಹೆದ್ದಾರಿ ಪಂಕ್ಚರ್ ಬಗ್ಗೆಯೂ ಹೇಳಿಬಿಡ್ತೀನಿ. 66ನೇ ಹೆದ್ದಾರಿಯ (ಹಳಬರು ಈಗಲೂ ಹದಿನೇಳು ಅಂತಾರೆ) ಬಿಳಿ ಗೆರೆಯಾಚೆ, ಅಂದರೆ ನಾವು ಸೈಕಲ್ ತುಳಿಯುವ ಜಾಗದಲ್ಲೇ, ಒಡೆದ ಲಾರಿ ಟೈರುಗಳ ತುಂಡು ಬಿದ್ದಿರುತ್ತದೆ. ಅದರೊಳಗಿನ ಕೂದಲಿನಷ್ಟು ಸಣ್ಣ ಉಕ್ಕಿನ ತಂತಿ ನಮ್ಮ ಟೈರಿಗೆ ಹೊಕ್ಕರೆ ಕಣ್ಣಿಗೆ ಕಾಣಲ್ಲ. ಅದನ್ನು ತೆಗೆಯದೆ ಹೊಸ ಟ್ಯೂಬ್ ಹಾಕಿದರೆ ಹತ್ತು ನಿಮಿಷಕ್ಕೆ ಮತ್ತೆ ಪಂಕ್ಚರ್. ಟೈರಿನ ಒಳಗೆ ಬೆರಳು ಆಡಿಸಬೇಡಿ, ಚುಚ್ಚುತ್ತದೆ. ಹತ್ತಿಯ ಕರ್ಚೀಫು ಆಡಿಸಿ. ಎಲ್ಲಿ ಅದರ ನೂಲು ಸಿಕ್ಕಿಕೊಳ್ಳುತ್ತೋ ಅಲ್ಲೇ ತಂತಿ. ನೇಲ್‌ಕಟರ್‌ನಲ್ಲಿ ಕಚ್ಚಿ ಎಳೆದರೆ ಬರುತ್ತದೆ.

ಪ್ರಶ್ನೆ: ನಾವಿಬ್ಬರೂ ನಲವತ್ತು ದಾಟಿದ ಗೆಳತಿಯರು. ಗೇರ್ ಇಲ್ಲದ ಮಾಮೂಲಿ ಸೈಕಲ್. ಇಂಥ ಸವಾರಿ ಮಾಡಬಹುದಾ? ರಾತ್ರಿ ಎಲ್ಲಿ ಉಳಿಯೋದು?
- ಓದುಗರು, ಶಿವಮೊಗ್ಗ

ಉತ್ತರ: ಮಾಡಬಹುದು. ಕರಾವಳಿ ರಸ್ತೆಯಲ್ಲಿ ದೊಡ್ಡ ಘಾಟಿ ಇಲ್ಲ. ಏರು ಬಂದ ಕಡೆ ಇಳಿದು ತಳ್ಳಿಕೊಂಡು ಹೋದರೆ ಆಯ್ತು. ಸೀಟಿನ ಎತ್ತರ ಮಾತ್ರ ಸರಿ ಮಾಡಿಸಿ: ಪೆಡಲ್ ಕೆಳಗಿದ್ದಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು. ನಮ್ಮಲ್ಲಿ ಹೆಚ್ಚಿನವರ ಸೀಟು ತಗ್ಗಿನಲ್ಲಿರುತ್ತದೆ, ಮಂಡಿ ನೋವು ಅಲ್ಲಿಂದಲೇ ಶುರು. ಭಾರವನ್ನು ಬೆನ್ನಿಗೆ ಹೊರಬೇಡಿ. ಕ್ಯಾರಿಯರ್‌ನ ಎರಡೂ ಕಡೆ ಸಮ ತೂಕ ಬರುವ ಹಾಗೆ, ಕೆಳಗೆ ಕಟ್ಟಿ. ನೀರಿನ ಜೊತೆ ಉಪ್ಪೂ ಹೊಟ್ಟೆಗೆ ಹೋಗಬೇಕು, ಬೆವರು ಹರಿದಷ್ಟೂ ಬರೀ ನೀರು ಸಾಲದು. ಉಪ್ಪು ಹಾಕಿದ ಮಜ್ಜಿಗೆ, ಇಲ್ಲಾ ಉಪ್ಪಿನಕಾಯಿ ಜೊತೆ ಗಂಜಿ ಊಟ ಸಿಕ್ಕರೆ ಅದಕ್ಕಿಂತ ಒಳ್ಳೇದು ಬೇರೆ ಇಲ್ಲ.

ರಾತ್ರಿಗೆ ನನ್ನ ನಿಯಮ ಒಂದೇ. ಸಂಜೆ ನಾಲ್ಕಕ್ಕೆ ತುಳಿಯೋದು ನಿಲ್ಲಿಸಿ ಜಾಗ ಕೇಳೋಕೆ ಶುರು ಮಾಡಿ. ಬೆಳಕಿರುವಾಗ ಮನೆಯವರು ನಿಮ್ಮ ಮುಖ ನೋಡುತ್ತಾರೆ, ನೀವೂ ಮನೆ ನೋಡುತ್ತೀರಿ, ಹೆಂಗಸರಿದ್ದಾರಾ, ಬಾವಿ ಎಲ್ಲಿದೆ ಅಂತ ತಿಳಿಯುತ್ತದೆ. ಕತ್ತಲಾದ ಮೇಲೆ ಬಾಗಿಲು ತಟ್ಟಿದರೆ ಅವರಿಗೂ ಭಯ, ನಿಮಗೂ ಭಯ. ಮನಸ್ಸು ಒಪ್ಪದಿದ್ದರೆ ಲಾಡ್ಜ್‌ಗೆ ಹೋಗಿ, ಬೈಂದೂರು, ಕುಂದಾಪುರ ದೂರವೇನಿಲ್ಲ. ನಾವು ಆವತ್ತು ತ್ರಾಸಿ ಹತ್ತಿರ ಒಂದು ಮನೆಯ ಅಂಗಳದಲ್ಲಿ ಜಾಗ ಕೇಳಿದೆವು. ಮನೆಯ ಅಮ್ಮ ಸ್ವಲ್ಪ ಹೊತ್ತು ಸೈಕಲ್ಲುಗಳನ್ನೇ ನೋಡಿದರು. ನಾನು ನೆರಳು ಚೆನ್ನಾಗಿದೆ ಅಂತ ಟೆಂಟ್ ಬಿಚ್ಚಿದ್ದು ತೆಂಗಿನ ಮರದ ಬುಡದಲ್ಲಿ. "ಅಲ್ಲಿ ಬೇಡ ಮಾರಾಯ್ರೆ, ಕಾಯಿ ಬೀಳ್ತದೆ" ಅಂತ ತಾವೇ ಬಂದು ಹಟ್ಟಿಯ ಪಕ್ಕ ಜಾಗ ತೋರಿಸಿದರು. ರಾತ್ರಿ ಎರಡು ಸಲ ದೊಪ್ ಅಂತ ಸದ್ದು ಕೇಳಿತು. ಬೆಳಿಗ್ಗೆ ನೋಡಿದರೆ ಅದೇ ಬುಡದಲ್ಲಿ ಒಂದು ಕಾಯಿ, ಒಂದು ಒಣ ಮಡಲು.

ಪ್ರಶ್ನೆ: ಕಡಲ ದಂಡೆಯಲ್ಲೇ ಟೆಂಟ್ ಹಾಕಿದರೆ ಏನು ತೊಂದರೆ?
- ಓದುಗರೊಬ್ಬರು, ಗದಗ

ಉತ್ತರ: ಮರವಂತೆಯಲ್ಲಿ ರಸ್ತೆಯ ಒಂದು ಕಡೆ ಸೌಪರ್ಣಿಕಾ ನದಿ, ಇನ್ನೊಂದು ಕಡೆ ಅರಬ್ಬಿ ಸಮುದ್ರ. ಅಲ್ಲಿ ಸೈಕಲ್ ನಿಲ್ಲಿಸಿದವರಿಗೆಲ್ಲ ಇಲ್ಲೇ ಮಲಗೋಣ ಅನ್ನಿಸುತ್ತದೆ, ನನಗೂ ಅನ್ನಿಸಿತ್ತು. ಆದರೆ ಅಲ್ಲಿ ಅಲೆ ತಡೆಯೋಕೆ ಸುರಿದ ಬಂಡೆಗಳೇ ಹೆಚ್ಚು, ಪಕ್ಕದಲ್ಲೇ ಲಾರಿಗಳು. ಬೇರೆ ಕಡೆ ಅಗಲ ಮರಳಿದ್ದರೂ ಸಂಜೆ ಒಣಗಿ ಕಂಡ ಜಾಗಕ್ಕೆ ರಾತ್ರಿ ಉಬ್ಬರದ ನೀರು ಬರಬಹುದು. ಕಸ, ಒಣ ಪಾಚಿ ಸಾಲಾಗಿ ನಿಂತಿರುವ ಗೆರೆ ಇದೆಯಲ್ಲ, ನೀರು ಅಲ್ಲಿವರೆಗೆ ಬಂದು ಹೋಗಿದೆ ಅಂತ ಅರ್ಥ.

ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ನಾವು ಹೋಗೋಕೆ ಆರಿಸಿಕೊಳ್ಳುವ ಚಳಿಗಾಲದ ತಿಂಗಳುಗಳಲ್ಲೇ ಆಲಿವ್ ರಿಡ್ಲಿ ಆಮೆಗಳು ಈ ಕರಾವಳಿಗೆ ಮೊಟ್ಟೆಯಿಡಲು ಬರುತ್ತವೆ, ಹೊನ್ನಾವರದ ಕಾಸರಕೋಡು ದಂಡೆ ಅದಕ್ಕೆ ಹೆಸರಾಗಿದೆ. ರಾತ್ರಿ ದಂಡೆಯಲ್ಲಿ ಟಾರ್ಚು, ಬೆಂಕಿ, ಗದ್ದಲ ಕಂಡರೆ ತಾಯಿ ಆಮೆ ಮೊಟ್ಟೆಯಿಡದೆ ತಿರುಗಿ ನೀರಿಗೆ ಹೋಗಿಬಿಡಬಹುದು. ಮರಿಗಳು ಬೆಳಕನ್ನೇ ಕಡಲು ಅಂದುಕೊಂಡು ಊರ ಕಡೆ ತೆವಳುತ್ತವೆ. ಹಾಗಾಗಿ ಸೂರ್ಯ ಮುಳುಗೋವರೆಗೆ ದಂಡೆಯಲ್ಲಿ ಕೂತು, ಮಲಗೋಕೆ ಒಳಗಿನ ಅಂಗಳಕ್ಕೆ ಬನ್ನಿ. ಬೆಳಿಗ್ಗೆ ಮರಳಿನ ಮೇಲೆ ಟ್ರ್ಯಾಕ್ಟರ್ ಚಕ್ರದ ಗುರುತಿನಂಥ ಸಾಲು ಕಂಡರೆ ತುಳಿಯಬೇಡಿ, ಅಗೆಯಬೇಡಿ. ಹತ್ತಿರದ ಮೀನುಗಾರರಿಗೋ ಅರಣ್ಯ ಇಲಾಖೆಯವರಿಗೋ ತಿಳಿಸಿ.